ತಟ್ಟೆಯಲ್ಲಿ ಉಳಿದ ಶಾಂತಯ್ಯ

ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನ ಈರವ್ವನ ಕತೆ ಹೇಳಲು ನಾನೇನು ಆಕೆಯ ಬಳಗದವಳಲ್ಲ. ನಮ್ಮಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ತೀರ್ಥ, ಪ್ರಸಾದ, ವಿಭೂತಿ ಎಲ್ಲ ಅವರ ಕಾಲಕ್ಕೇ ನಮ್ಮ ಮನೆಯಿಂದ ಹೊರಗೆ ಹೋದವು. ನಾವು ಬೌದ್ಧರು. ಈರವ್ವ ಜಂಗಮರ ಮನೆಯ ಹೆಂಗಸು, ಊರಿನವರ ಬಾಯಲ್ಲಿ ‘ಅಮ್ಮಾರು’. ಆದರೂ ನಾನೇ ಹೇಳುತ್ತೇನೆ. ಬೇರೆಯವರಿಗೆ ಬಿಟ್ಟರೆ ಆಕೆಯನ್ನು ಹುಚ್ಚಿ ಮಾಡಿಬಿಡುತ್ತಾರೆ. ಹೊರಗಿನವರು ಯಾಕೆ, ಹೆತ್ತ ಮಗನೇ ಮಾಡಿದ್ದ.

ನನ್ನ ಹೆಸರು ಪ್ರಭಾವತಿ. ಸತ್ತೂರಿನ ಕಡೆಯ ಒಂದು ಸಂಶೋಧನಾಲಯದಲ್ಲಿ ಟೆಕ್ನಿಷಿಯನ್. ಗಾಜಿನ ಸಾಮಾನು ತೊಳೆಸುವುದರಿಂದ ಹಿಡಿದು ಇನ್‌ಕ್ಯುಬೇಟರಿನ ಬಿಸಿ ನೋಡುವತನಕ ಎಲ್ಲ ನನ್ನ ಕೆಲಸ. ಚಪ್ಪಲಿ ಮೆಟ್ಟಿಕೊಂಡು ಒಳಗೆ ಬಂದವರನ್ನು ಬೈಯುವುದೂ ನನ್ನದೇ ಕೆಲಸ, ಅದಕ್ಕೆ ಪಗಾರ ಕೊಡುವುದಿಲ್ಲ ಅಷ್ಟೆ. ಅಲ್ಲಿ ಕರುಣಾ ಎಂಬ ಹುಡುಗಿ ಪಿಎಚ್‌ಡಿ ಮಾಡುತ್ತಿದ್ದಾಳೆ. ರಾಯಾಪುರದವಳು, ನಮ್ಮವಳೇ, ನನ್ನ ಮಗಳ ವಾರಿಗೆಯವಳು. ಬುದ್ಧಿವಂತೆ, ಆದರೆ ಬಾಯಿ ನಿಲ್ಲುವುದಿಲ್ಲ. ಇದೆಲ್ಲ ಆದದ್ದು ಆ ಬಾಯಿಯಿಂದಲೇ.

ಅವಳ ಸಂಶೋಧನೆ ಲಿವರಿನ ಮೇಲೆ. ಲಿವರಿನೊಳಗೆ ಕೂದಲೆಳೆಗಿಂತ ಸಣ್ಣ ರಕ್ತನಾಳಗಳಿವೆ. ಅವುಗಳ ಒಳಗೋಡೆಗೆ ಹಾಸಿಕೊಂಡಿರುವ ಜೀವಕೋಶಗಳು ಮೈಯ ಬೇರೆ ಕಡೆಯ ರಕ್ತನಾಳಗಳಲ್ಲಿ ಇರುವಂಥವಲ್ಲ. ಇವುಗಳ ಮೈತುಂಬ ತೂತು, ಹಿಟ್ಟಿನ ಜರಡಿಯ ಹಾಗೆ. ರಕ್ತದಲ್ಲಿ ಬಂದದ್ದು ಆ ತೂತುಗಳಿಂದ ಇಳಿದು ಲಿವರಿಗೆ ಸೇರುತ್ತದೆ. ಇವನ್ನು ಲಿವರಿನಿಂದ ಬಿಡಿಸಿ ತಂದು ಬರಿಯ ಪ್ಲಾಸ್ಟಿಕ್ ತಟ್ಟೆಯಲ್ಲಿ ಇಟ್ಟರೆ ಎರಡು ಮೂರು ದಿನಗಳಲ್ಲಿ ತೂತು ಮುಚ್ಚಿಕೊಂಡುಬಿಡುತ್ತವೆ. ಕೂಡಲೇ ಸಾಯುವುದಿಲ್ಲ, ಬದುಕಿರುತ್ತವೆ. ಲಿವರಿನವು ಎನ್ನುವ ಗುರುತು ಮಾತ್ರ ಹೋಗುತ್ತದೆ. ಅದೇ ಕೆಳಗೆ ಮೆತ್ತನೆಯ ಹಾಸು ಹಾಕಿ, ಮೊದಲು ನೆರೆಯಲ್ಲಿದ್ದ ಲಿವರ್ ಕೋಶಗಳನ್ನೂ ಜೊತೆಗೆ ಬಿಟ್ಟು, ಅವು ಸೂಸುವ ರಸ ಸಿಗುವಂತೆ ಮಾಡಿದರೆ ತೂತು ಹೆಚ್ಚು ದಿನ ತೆರೆದಿರುತ್ತವೆ. ಸುತ್ತಲೂ ಏನಿದೆ, ಯಾರಿದ್ದಾರೆ ಎಂಬುದರ ಮೇಲೆ ಅವುಗಳ ಬಾಳು. ಹಾಸು ಎಷ್ಟು ಮೆತ್ತಗಿರಬೇಕು, ಜೊತೆಗೆ ಯಾರಿರಬೇಕು ಎಂದು ಕರುಣಾ ಹುಡುಕುತ್ತಿದ್ದಳು.

ಅದಕ್ಕೆ ಮನುಷ್ಯರ ಲಿವರಿನ ತುಂಡು ಬೇಕು. ಲಿವರಿನಲ್ಲಿ ಗಡ್ಡೆಯಾದವರಿಗೆ ಆಪರೇಷನ್ ಮಾಡುವಾಗ ಗಡ್ಡೆಯ ಸುತ್ತಲಿನ ಒಳ್ಳೆಯ ಭಾಗವನ್ನೂ ಸ್ವಲ್ಪ ತೆಗೆಯಬೇಕಾಗುತ್ತದೆ. ರೋಗಿ ಒಪ್ಪಿದರೆ ಅದರಲ್ಲೊಂದು ಚೂರು ನಮಗೆ ಸಿಗುತ್ತದೆ. ಹೀಗೆ ಒಪ್ಪಿಗೆ ಕೇಳಲು ಪಕ್ಕದ ಆಸ್ಪತ್ರೆಗೆ ಹೋದಾಗಲೇ ನಾನು ಶಾಂತಯ್ಯನವರನ್ನೂ ಅವರ ಹೆಂಡತಿ ಈರವ್ವನನ್ನೂ ಮೊದಲ ಸಲ ನೋಡಿದ್ದು.

ಶಾಂತಯ್ಯ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಉದ್ದನೆಯ ಆಳು, ಹಣೆಯ ಮೇಲೆ ವಿಭೂತಿ.

“ಹೆಂಗಿದ್ರೂ ಒಗಿಯೂದಲ್ಲೇನ ಅದು? ತಗೋರಿ,” ಎಂದರು. “ಆದ್ರ ನನ್ನ ಲಿವರ್ ಒಯ್ದು ಏನ ಮಾಡ್ತೀರಿ? ಸಾರ ಗೀರ ಮಾಡಂಗಿಲ್ಲಲ್ಲ?”

“ಛೀ, ಏನ ಮಾತ್ರಿ ನಿಮ್ಮವು!” ಎಂದು ಈರವ್ವ ಗದರಿದಳು.

ಕರುಣಾ ಅಷ್ಟಕ್ಕೇ ನಗುತ್ತಾ ಸಹಿ ಮಾಡಿಸಿಕೊಂಡು ಬರಬಹುದಿತ್ತು. ಬರಲಿಲ್ಲ. “ಇಲ್ರಿ ಅಯ್ಯಾರ, ಅದರಾಗಿನ ಜೀವಕೋಶ ಬಿಡಿಸಿ ತಟ್ಟ್ಯಾಗ ಹಾಕಿ ಬದುಕಸ್ತೇವ್ರಿ. ನೀವು ಮನಿಗೆ ಹೋದ ಮ್ಯಾಲೂ ನಮ್ಮ ಹತ್ರ ಜೀಂವ ಇರ್ತಾವು.”

“ಅಂದ್ರ ನಾ ಇಲ್ಲೂ ಇರತೇನಿ, ಅಲ್ಲೂ ಇರತೇನಿ? ಛಲೋ ಆತು ಬಿಡ. ಅಲ್ಲೆ ಈಕಿ ಬೈಯೂದರ ಕೇಳಂಗಿಲ್ಲ.”

ವಾರ್ಡಿನಲ್ಲಿದ್ದವರೆಲ್ಲ ನಕ್ಕರು. ಈರವ್ವ ನಗಲಿಲ್ಲ, ಮುಖ ಗಂಟು ಹಾಕಿಕೊಂಡು ಗಂಡನ ಹೊದಿಕೆ ಸರಿಮಾಡಿದಳು.

ಆಪರೇಷನ್ ಆಯಿತು. ತುಂಡು ನಮ್ಮ ಕೈಗೆ ಬಂತು. ಕೋಶಗಳನ್ನು ಬಿಡಿಸಿ ಕೆಲವನ್ನು ಮೆತ್ತನೆಯ ಹಾಸಿನ ತಟ್ಟೆಗಳಲ್ಲಿ ಜೊತೆಗಾರರೊಂದಿಗೆ, ಕೆಲವನ್ನು ಬರಿಯ ಪ್ಲಾಸ್ಟಿಕ್ಕಿನ ಮೇಲೆ ಒಂಟಿಯಾಗಿ ಇಟ್ಟೆವು. ಅತ್ತ ಶಾಂತಯ್ಯನವರನ್ನು ಐಸಿಯುನಲ್ಲಿ ಇಟ್ಟರು. ಈರವ್ವ ಹೊರಗಿನ ಬೆಂಚಿನ ಮೇಲೆ ಕುಳಿತಳು. ಊಟದ ಬಿಡುವಿನಲ್ಲಿ ನಾನು ಚಹಾ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಆಕೆಯ ಬಾಯಿಯೂ ನನ್ನ ಬಾಯಿಯಂಥದೇ, ಅದಕ್ಕೇ ಇರಬೇಕು ಸೇರಿತು.

ಆಕೆಯ ತವರು ಅಣ್ಣಿಗೇರಿಯ ಕಡೆ. ಹದಿನಾರು ತುಂಬುವುದರೊಳಗೆ ಸುಳ್ಳಕ್ಕೆ ಸೊಸೆಯಾಗಿ ಬಂದಳು. ಗಂಡನಿಗೆ ಸ್ವಲ್ಪ ಎರೆಹೊಲ. ಸುಗ್ಗಿಯಲ್ಲಿ ಅಮರಗೋಳದ ಮಾರುಕಟ್ಟೆಗೆ ಹೋಗಿ ಹತ್ತಿ ತೂಗುತ್ತಿದ್ದರು. ಇದರ ಜೊತೆಗೆ ಅಯ್ಯನವರ ಕೆಲಸ. ಊರಿನಲ್ಲಿ ಯಾರ ಜೀವ ಹೋಗುವ ಹಾಗಿದ್ದರೂ ಮೊದಲು ಕರೆಯುವುದು ಶಾಂತಯ್ಯನವರನ್ನು. ಉಣ್ಣುವ ತಾಟು ಬಿಟ್ಟು ಎದ್ದು ಹೋಗುತ್ತಿದ್ದರು. ಹಣೆಗೆ ವಿಭೂತಿ ಹಚ್ಚಿ, ಬಾಯಿಗೆ ತೀರ್ಥ ಬಿಟ್ಟು, ಆ ಗುಟುಕು ಗಂಟಲಲ್ಲಿ ಇಳಿದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಏಳುತ್ತಿದ್ದರು. ಜೀವ ಇದ್ದಾಗ ಇಳಿದದ್ದು ಮಾತ್ರ ತೀರ್ಥ, ಹೋದ ಮೇಲೆ ಬಿಟ್ಟದ್ದು ಬರಿ ನೀರು ಎಂದು ಅವರು ನಂಬಿದ್ದರು. ಹೆಂಡತಿಯೂ ಅದನ್ನೇ ನಂಬಿದ್ದಳು.

“ಊರ ಮಂದಿಗೆ ತೀರ್ಥ ಬಿಡಾಂವಗ ತೀರ್ಥ ಕೊಡಾಕಿ ನಾ,” ಎಂದು ಈರವ್ವ ಹೇಳುವಾಗ ಸ್ವಲ್ಪ ಜಂಭವೂ ಇತ್ತು. ಬೆಳಿಗ್ಗೆ ಎದ್ದು, ಮಿಂದು, ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡಿ, ಲಿಂಗಕ್ಕೆ ಎರೆದ ನೀರನ್ನು ಗಂಡನ ಅಂಗೈಗೆ ಹಾಕಬೇಕು. ಅದನ್ನು ಕುಡಿಯದೆ ಆತ ಚಹಾ ಮುಟ್ಟಿದವರಲ್ಲ. ಒಂದು ವರ್ಷ ಎಮ್ಮೆ ಮಾರುವ ವಿಷಯದಲ್ಲಿ ಇಬ್ಬರಿಗೂ ಜಗಳವಾಯಿತಂತೆ. ಈಕೆ ಬೇಡವೆಂದಳು, ಆತ ಮಾರಿಬಿಟ್ಟರು. ಹಬ್ಬ ಬಂದು ಹೋದರೂ ಮಾತಿಲ್ಲ.

“ಮಾತ ಬಿಟ್ಟಿದ್ನಿ, ತೀರ್ಥ ಬಿಟ್ಟಿರಲಿಲ್ರಿ,” ಎಂದಳು. “ಮುಂಜಾನೆದ್ದ ಬಂದು ಕೈ ಒಡ್ಡಿ ನಿಲ್ಲೋರು. ನಾ ಆ ಕಡೆ ಮಾರಿ ಮಾಡಿ ಹಾಕತಿದ್ನಿ. ಒಂದಿನ ಆ ಕಡೆ ಮಾರಿ ಮಾಡಿ ಎಲ್ಲಾ ಧೋತರದ ಮ್ಯಾಲ ಸುರದ್ನಿ. ಇಬ್ಬರಿಗೂ ನಗು ಬಂದುಬಿಡ್ತು.”

ಹೇಳಿ ನಕ್ಕಳು, ನಗುತ್ತಲೇ ಐಸಿಯುನ ಬಾಗಿಲ ಕಡೆ ನೋಡಿದಳು. ಒಳಗೆ ಶಾಂತಯ್ಯನವರ ಗಂಟಲಿಗೆ ನಳಿಕೆ ಹಾಕಿದ್ದರು. ಆಪರೇಷನ್ನಿನ ಮರುದಿನದಿಂದಲೇ ಮೈಯಲ್ಲಿ ಸೋಂಕು ಏರಿತ್ತು. ಬಾಯಿಂದ ಏನೂ ಕೊಡುವಂತಿರಲಿಲ್ಲ. ಈಕೆ ದಿನಾ ಬೆಳಿಗ್ಗೆ ಆಸ್ಪತ್ರೆಯ ಬಚ್ಚಲಲ್ಲಿ ಮಿಂದು, ಬೆಂಚಿನ ಮೇಲೆಯೇ ಲಿಂಗಪೂಜೆ ಮಾಡಿ, ತೀರ್ಥವನ್ನು ಔಷಧದ ಸಣ್ಣ ಬಾಟಲಿಯಲ್ಲಿ ತುಂಬಿ ಇಟ್ಟುಕೊಳ್ಳುತ್ತಿದ್ದಳು. ಒಂದು ದಿನ ಸ್ವಲ್ಪ ಹೊತ್ತು ಒಳಗೆ ಬಿಟ್ಟರು. ಶಾಂತಯ್ಯ ಕಣ್ಣು ತೆರೆದು, ಕೈಬೆರಳು ಕೂಡಿಸಿ ಬಾಯಿಯ ಕಡೆ ತೋರಿಸಿದರಂತೆ. ನೀರು. ಈಕೆ ಸೆರಗಿನಿಂದ ಬಾಟಲಿ ತೆಗೆಯುವುದರೊಳಗೆ ನರ್ಸ್ ಹುಡುಗಿ ಓಡಿ ಬಂದು ಕೈ ಹಿಡಿದಳು. “ಬ್ಯಾಡ್ರಿ ಅಮ್ಮಾ, ನೀರು ಉಸಿರಿನ ದಾರ್ಯಾಗ ಹೋದ್ರ ಜೀವಕ್ಕ ಅಪಾಯರಿ.” ಆ ಹುಡುಗಿ ಹೇಳಿದ್ದು ಖರೆ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ, ಇನ್ನೂ ಒರಟಾಗಿ ಹೇಳುತ್ತಿದ್ದೆ.

ಮರುದಿನ ಮಧ್ಯಾಹ್ನ ಶಾಂತಯ್ಯ ತೀರಿಕೊಂಡರು. ಈರವ್ವ ಬಾಗಿಲ ಹೊರಗಿದ್ದಳು. ತಪ್ಪು ಯಾರದೂ ಅಲ್ಲ, ಡಾಕ್ಟರು ಮಾಡುವುದನ್ನೆಲ್ಲ ಮಾಡಿದ್ದರು. ಆದರೆ ಊರಿನ ಎಷ್ಟು ಬಾಯಿಗಳಿಗೆ ಆತ ಕೊನೆಯ ಗುಟುಕು ಇಳಿಸಿದ್ದರೋ, ತಾವು ಮಾತ್ರ ಬೊಗಸೆ ನೀರಿಗೆ ಕೈ ತೋರಿಸುತ್ತ ಹೋದರು. ನನಗೆ ಯಾವ ತೀರ್ಥದ ಮೇಲೂ ನಂಬಿಕೆ ಇಲ್ಲ. ಆದರೂ ಅಂದು ಮನೆಗೆ ಹೋಗಿ ಉಣ್ಣಲಾಗಲಿಲ್ಲ.

ಸುಳ್ಳದ ಮಣ್ಣಿಗೆ ನಾನೂ ಕರುಣಾಳೂ ಹೋಗಿದ್ದೆವು. ಅವರಲ್ಲಿ ಸುಡುವುದಿಲ್ಲ, ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ವಿಭೂತಿ ಹಚ್ಚಿ, ಹೂವು ಏರಿಸಿ, ಬೇರೆ ಊರಿಂದ ಬಂದ ಅಯ್ಯನವರೊಬ್ಬರು ತುಟಿಯ ನಡುವೆ ತೀರ್ಥ ಬಿಟ್ಟರು. ಅದು ಒಳಗೆ ಹೋಗಲಿಲ್ಲ. ಗದ್ದದ ಮೇಲೆ ಹರಿದು ಎದೆಗೆ ಬಂತು. ಎಲ್ಲರೂ ಅಳುತ್ತಿದ್ದರು, ಈರವ್ವ ಅಳಲಿಲ್ಲ, ಆ ಹರಿದ ನೀರನ್ನೇ ನೋಡುತ್ತ ನಿಂತಿದ್ದಳು.

ಅದಾಗಿ ಎರಡು ದಿನಕ್ಕೇ ನಮ್ಮ ಸಂಶೋಧನಾಲಯದ ಬಾಗಿಲಿಗೆ ಬಂದಳು. ಅವರಲ್ಲಿ ಸೂತಕ ಹಿಡಿಯುವುದಿಲ್ಲ, ಹಾಗಾಗಿ ಹೊರಗೆ ಬರಲು ಅಡ್ಡಿಯಿಲ್ಲ. ಸುಳ್ಳದಿಂದ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಧಾರವಾಡದ ಚಿಗರಿ ಬಸ್ಸು ಹತ್ತಿ ಬಂದಿದ್ದಳು. ಹಿಂದೆ ಮಗ ಬಸವಪ್ರಭು, ಹುಬ್ಬಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು, ತಲೆ ತಗ್ಗಿಸಿ ನಿಂತಿದ್ದ.

“ಅವರು ಇನ್ನೂ ಅದಾರೇನ್ರಿ?” ಎಂದು ಕೇಳಿದಳು.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಕರುಣಾ “ಅದಾವ್ರಿ” ಎಂದುಬಿಟ್ಟಳು. ಮೊಣಕೈಯಿಂದ ತಿವಿದೆ. ತಿವಿದು ಏನು ಉಪಯೋಗ, ಮಾತು ಬಿದ್ದಾಗಿತ್ತು.

ಈರವ್ವ ಸೆರಗಿನಿಂದ ಬಾಟಲಿ ತೆಗೆದಳು. “ಒಂದ ಹನಿ ತೀರ್ಥ ಬಿಡ್ರಿ. ಅಷ್ಟ. ಮತ್ತ ಏನೂ ಕೇಳಂಗಿಲ್ಲ.”

“ಯವ್ವಾ, ಅಪ್ಪನ್ನ ಮಣ್ಣ ಮಾಡಿ ಬಂದೇವಿ. ಇದೇನ ಹುಚ್ಚ ಹಚಗೊಂಡೀದಿ?” ಎಂದ ಬಸವಪ್ರಭು. ನಮ್ಮ ಕಡೆ ತಿರುಗಿ, “ತಲಿ ಕೆಟ್ಟೈತ್ರಿ ಅವ್ವಗ, ಸಿಟ್ಟಾಗಬ್ಯಾಡ್ರಿ,” ಎಂದ. ಪಾಪ, ಅವನದೂ ಅಪ್ಪನನ್ನು ಕಳೆದುಕೊಂಡ ಮುಖವೇ.

“ಮಣ್ಣ ಮಾಡಿದ್ದು ಜೀಂವ ಹೋದದ್ದನ್ನ,” ಎಂದಳು ಈರವ್ವ. “ಇಲ್ಲೆ ಇರೂದು ಜೀಂವ ಇದ್ದದ್ದು. ಹೌದಿಲ್ಲೋ ಕೇಳ ಆ ಹುಡುಗೀನ್ನ.”

ನನಗೆ ಸಿಟ್ಟು ಬಂತು. ಹೇಳಿಯೇಬಿಟ್ಟೆ: “ಈರವ್ವಾರ, ಅದು ನಿಮ್ಮ ಗಂಡ ಅಲ್ರಿ. ಅದಕ್ಕ ಬಾಯಿಲ್ಲ, ಗಂಟಲಿಲ್ಲ. ನಿಮ್ಮ ಗುರುತಿಲ್ಲ ಅದಕ್ಕ.”

“ಗೊತ್ತೈತ್ರಿ ಬಾಯಾರ. ನಾ ಏನ ಸಣ್ಣ ಕೂಸ?” ಎಂದಳು. “ಅವರ ಉಗುರ, ಕೂದಲ ಮನ್ಯಾಗ ಎಷ್ಟ ಬಿದ್ದಾವೊ, ಅವನ್ನ ತಂದು ತೀರ್ಥ ಹಾಕ್ರಿ ಅಂತ ಕೇಳೇನೇನು? ಅವಕ್ಕ ಜೀಂವ ಇಲ್ಲ. ಅವರದು ಅಂಬೂದು ಈ ಭೂಮಿ ಮ್ಯಾಲ ಜೀಂವ ಇದ್ದದ್ದು ಇದೊಂದ ಉಳದೈತಿ. ಇದೂ ಹೋದ್ರ ನಾ ಯಾರಿಗೆ ಬಿಡ್ಲಿ?”

ಕರುಣಾ ಕಣ್ಣು ಒರೆಸಿಕೊಂಡು ಉಳಿದದ್ದನ್ನೂ ಹೇಳಿದಳು. ಆ ತೂತುಗಳು ನಮ್ಮ ಮೈಕ್ರೋಸ್ಕೋಪಿಗೆ ಕಾಣುವಷ್ಟು ದೊಡ್ಡವಲ್ಲ. ತೆರೆದಿವೆಯೋ ಮುಚ್ಚಿವೆಯೋ ನೋಡಬೇಕಾದರೆ ಕೋಶಗಳ ಮೇಲೆ ಔಷಧ ಸುರಿದು, ಸಾಯಿಸಿ, ಒಣಗಿಸಿ, ದೊಡ್ಡ ಯಂತ್ರ ಇರುವ ಕಡೆಗೆ ಕಳಿಸಬೇಕು. ಅದಕ್ಕೆ ಸೋಮವಾರ ನಿಗದಿಯಾಗಿತ್ತು.

“ಸಾಯಸ್ತೀರಿ?”

“ಹೌದ್ರಿ ಅಮ್ಮಾರ.”

ಈರವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಹಂಗಾರ ಅದಕ್ಕಿಂತ ಮೊದಲ ಬಿಡ್ರಿ. ಈ ಸಲ ನಾ ಹೊರಗ ಕುಂದ್ರಂಗಿಲ್ಲ,” ಎಂದಳು.

ಅವರು ಹೋದ ಮೇಲೆ ಕರುಣಾಳಿಗೆ ಚೆನ್ನಾಗಿ ಬೈದೆ. ಹೊರಗಿನ ನೀರು ಒಳಗೆ ತರುವುದೆಂದರೇನು? ಒಂದು ತಟ್ಟೆಗೆ ಸೋಂಕು ತಗುಲಿದರೆ ಇನ್‌ಕ್ಯುಬೇಟರಿನಲ್ಲಿ ಇದ್ದುದೆಲ್ಲ ಹಾಳು. “ಇನ್‌ಕ್ಯುಬೇಟರಿಗೆ ಒಯ್ಯಂಗಿಲ್ಲಕ್ಕ. ಒಂದ ತಟ್ಟಿ ಹೊರಗ ತಗದು ಕೊಡೋಣು. ಗೈಡ್ ಸರ್ ಬೈದ್ರ ನಾ ಬೈಸಕೊಂತೀನಿ,” ಎಂದಳು. ನನ್ನ ಸಿಟ್ಟು ಬರಿ ಸೋಂಕಿನದಾಗಿರಲಿಲ್ಲ. ನಮ್ಮಜ್ಜಿ ಗುಡ್ಡವ್ವ ಇಂಥದೇ ಒಂದು ಅಯ್ಯನವರ ಮನೆಯ ಕಟ್ಟೆಯ ಕೆಳಗೆ ಸೆರಗೊಡ್ಡಿ ನಿಲ್ಲುತ್ತಿದ್ದಳು. ಮೈ ತಾಗಬಾರದೆಂದು ಪ್ರಸಾದವನ್ನು ಮೇಲಿನಿಂದ ಎತ್ತಿ ಹಾಕುತ್ತಿದ್ದರು. ಅದನ್ನು ನಾನು ಮರೆತಿಲ್ಲ, ಮರೆಯುವ ಮನಸ್ಸೂ ಇಲ್ಲ. ಆ ಮನೆತನದ ತೀರ್ಥಕ್ಕೆ ನಾನು ಯಾಕೆ ಬಾಗಿಲು ತೆರೆಯಬೇಕು ಎಂದು ಎರಡು ದಿನ ನನ್ನಷ್ಟಕ್ಕೆ ನಾನೇ ಕುದಿದೆ. ಕುದಿದು ಕುದಿದು, ಸೋಮವಾರ ಬೆಳಿಗ್ಗೆ ನಾನೇ ಬೇಗ ಹೋಗಿ ಬಾಗಿಲು ತೆರೆದೆ.

ಈರವ್ವ ಒಬ್ಬಳೇ ಬಂದಳು. ಕೈ ತೊಳೆಸಿ, ನಿಲುವಂಗಿ ತೊಡಿಸಿ, ತಲೆಗೆ ಟೋಪಿ ಹಾಕಿದೆ. ಎಲ್ಲಕ್ಕೂ ಒಡ್ಡಿಕೊಂಡಳು. ಕರುಣಾ ಎರಡು ತಟ್ಟೆ ತಂದು ಇಟ್ಟಳು.

“ಇದರಾಗ ಮೆತ್ತನ್ನ ಹಾಸಿಗಿ ಐತ್ರಿ, ಜೋಡಿಗೆ ಬ್ಯಾರೆ ಕೋಶನೂ ಅದಾವು. ಇದರಾಗ ಬರೆ ಪ್ಲಾಸ್ಟಿಕ್. ಒಂಟಿ ಅದಾವು.”

“ಒಂಟಿ ಇದ್ದವು ಏನಾಗ್ಯಾವು?”

“ಮುಚಗೊಂಡಾವು ಅಂತ ನಮ್ಮ ಅಂದಾಜರಿ. ಸುತ್ತ ಯಾರೂ ಇಲ್ಲಂದ್ರ, ನೆಲ ಗಟ್ಟಿ ಇತ್ತಂದ್ರ ಮುಚಗೊಂತಾವು.”

ಮಣ್ಣಿನ ದಿನ ಅಳದವಳು ಈಗ ಅತ್ತಳು. “ದವಾಖಾನ್ಯಾಗೂ ಹಂಗ ಇದ್ರಲ್ರಿ,” ಎಂದಳು. “ಕಬ್ಬಿಣದ ಮಂಚ, ಸುತ್ತ ಮಶೀನು. ನಮ್ಮ ಮಂದಿ ಒಬ್ಬರೂ ಇರಲಿಲ್ಲ. ದಿನಾ ಹತ್ತ ಮಂದೀನ್ನ ಕೂಡಿಸಿಕೊಂಡು ಕುಂಡ್ರೂ ಮನಶ್ಯಾ.” ಆಮೇಲೆ ಒಂಟಿ ತಟ್ಟೆಯ ಕಡೆ ಬೆರಳು ಮಾಡಿದಳು. “ಇವರಿಗೆ ಬಿಡ್ರಿ. ಅವರಿಗೆ ಜೋಡಿ ಐತಿ.”

ಕರುಣಾ ತಲೆ ತಗ್ಗಿಸಿದಳು. ಮೆತ್ತನೆಯ ಹಾಸಿನ ತಟ್ಟೆಗಳು ಅವಳ ಸಂಶೋಧನೆಗೆ ಪ್ರಾಣದಷ್ಟು ಮುಖ್ಯ. ಅವಳು ಕೊಡಬೇಕೆಂದುಕೊಂಡಿದ್ದದ್ದೂ ಒಂಟಿ ತಟ್ಟೆಯನ್ನೇ. ಮುಚ್ಚಳ ತೆಗೆದು, ಕೋಶಗಳು ಮುಳುಗಿದ್ದ ಪೋಷಕ ದ್ರವವನ್ನು ಹೀರಿ ತೆಗೆದು, ತಟ್ಟೆಯನ್ನು ಮೈಕ್ರೋಸ್ಕೋಪಿಗೆ ಇಟ್ಟಳು. ಆ ದ್ರವದಲ್ಲಿ ಉಪ್ಪು ಇರುತ್ತದೆ, ರಕ್ತದಲ್ಲಿ ಇರುವಷ್ಟೇ. ಉಪ್ಪಿಲ್ಲದ ಬರಿ ನೀರು ತಾಗಿದರೆ ಜೀವಕೋಶ ನೀರು ಎಳೆದುಕೊಂಡು ಉಬ್ಬುತ್ತದೆ, ಉಬ್ಬಿ ಒಡೆದು ಸಾಯುತ್ತದೆ. ಈ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರವೇ ಹೇಳಿಕೊಡುವ ಮಾತು ಇದು. ನಾನು ಕರುಣಾಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಇನ್ನೊಂದು ತಾಸಿಗೆ ಔಷಧ ಸುರಿದು ಸಾಯಿಸಬೇಕಾದವೇ ಅವು.

ಈರವ್ವನಿಗೆ ಡ್ರಾಪರ್ ಕೊಟ್ಟೆವು. ಆಕೆ ಅದನ್ನು ತೆಗೆದುಕೊಂಡು ಮೈಕ್ರೋಸ್ಕೋಪಿನ ಕಡೆ ನೋಡಿದಳು. ಬಾಟಲಿಯನ್ನೂ ಡ್ರಾಪರನ್ನೂ ನನ್ನ ಕಡೆ ಚಾಚಿದಳು.

“ನೀವ ಬಿಡ್ರಿ ಬಾಯಾರ. ಇಳಿಯೂದನ್ನ ನಾ ನೋಡಬೇಕು.”

“ನಾವು ಯಾವ ಮಂದಿ, ಗೊತ್ತೈತಲ್ರಿ?” ಎಂದೆ. ಎರಡು ದಿನ ಕುದಿದದ್ದು ಹೊರಗೆ ಬಂದೇಬಿಟ್ಟಿತು.

ಆಕೆಯ ಕೈ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. “ಗೊತ್ತೈತ್ರಿ,” ಎಂದಳು. “ಊರಾಗ ಎಲ್ಲಾರ ಮನಿಗೂ ಹೋಗೋರು. ನಿಮ್ಮ ಮಂದಿ ಓಣಿಗೆ ಮಾತ್ರ ಹೋಗಲಿಲ್ಲ. ಖರೇನ ಅದು.” ಬಾಟಲಿಯನ್ನು ಇನ್ನಷ್ಟು ಮುಂದೆ ಚಾಚಿ, “ಬಿಡ್ರಿ. ಹೊತ್ತ ಆಗಾಕತ್ತೈತಿ, ಅವು ಒಣಗತಾವು,” ಎಂದಳು.

ಬಾಟಲಿ ತೆಗೆದುಕೊಂಡೆ. ಈರವ್ವ ಬಗ್ಗಿ ಮೈಕ್ರೋಸ್ಕೋಪಿಗೆ ಕಣ್ಣು ಇಟ್ಟಳು. ಕರುಣಾ ತಿರುಪು ಹೊರಳಿಸಿ ಸರಿಮಾಡಿ, “ಕಾಣಸ್ತಾವೇನ್ರಿ?” ಎಂದಳು. ಈರವ್ವ ಹ್ಞೂಂ ಎಂದಳು. ನಾನು ಒಂದು ಹನಿ ಬಿಟ್ಟೆ.

ಮೊದಲು ಏನೂ ಇಲ್ಲ. ಆಮೇಲೆ ಆಕೆ ಇನ್ನಷ್ಟು ಬಗ್ಗಿದಳು.

“ಯವ್ವಾ… ಉಬ್ಬಾಕತ್ತಾವ್ರಿ. ಎಳಕೊಳ್ಳಾಕತ್ತಾವು.” ಕಣ್ಣು ಎತ್ತದೆಯೇ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು. “ಕುಡದ್ರು! ಕುಡದ್ರು ನೋಡ್ರಿ ಬಾಯಾರ, ಕುಡದ್ರು!”

ಕರುಣಾ ಗೋಡೆಯ ಕಡೆ ತಿರುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

“ಭಾಳ ನೀರಡಿಸ್ಯಾರ,” ಎಂದಳು ಈರವ್ವ. “ಇನ್ನೊಂದ ಹನಿ ಬಿಡ್ರಿ.”

ನಾನು ಇನ್ನೊಂದು ಹನಿ ಬಿಟ್ಟೆ.